ಮೃತ್ಯುಪತ್ರ ನಾನೇ ಬರೆದರೆ ನಡೆಯುತ್ತಾ?

ಪ್ರಶ್ನೆ: ಸರ್, ನನಗೆ 68 ವರ್ಷ. ಕಾರಟಗಿ ಹತ್ತಿರದ ಹಳ್ಳಿ ನಮ್ಮದು. ನಾನೇ ದುಡಿದು ಕೊಂಡ 4 ಎಕರೆ 20 ಗುಂಟೆ ಕಾಲುವೆ ಗದ್ದೆ ಇದೆ. ಅಣ್ಣತಮ್ಮಂದಿರು ಬೇರೆಯಾದಾಗ ಅಜ್ಜನ ಕಾಲದ ಆಸ್ತಿಯಲ್ಲಿ ನನ್ನ ಪಾಲಿಗೆ ಬಂದ 2 ಎಕರೆ ಮಸಾರಿ ಹೊಲವೂ ಇದೆ. ಊರಲ್ಲೊಂದು ಮನೆ, ಬ್ಯಾಂಕಿನಲ್ಲಿ ಸ್ವಲ್ಪ ಠೇವಣಿ. ದೊಡ್ಡ ಮಗ ನನ್ನ ಜೊತೆ ಒಕ್ಕಲುತನ ಮಾಡುತ್ತಾನೆ, ಸಣ್ಣವನು ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ, ಮಗಳನ್ನು ಮಾನ್ವಿಗೆ ಕೊಟ್ಟಿದ್ದೇವೆ. ಹೊಲ, ಗದ್ದೆ ಗಂಡುಮಕ್ಕಳಿಬ್ಬರಿಗೆ ಸಮ, ಮನೆ ಹೆಂಡತಿಗೆ, ಠೇವಣಿ ಮಗಳಿಗೆ ಅಂತ ಮನಸ್ಸಲ್ಲಿದೆ. ಬಾಂಡ್ ಬರೆಯುವವರು 100 ರೂಪಾಯಿ ಬಾಂಡ್ ಬೇಕೇ ಬೇಕು, ವಕೀಲರ ಸಹಿ ಬೇಕು ಅನ್ನುತ್ತಾರೆ. ನಾನೇ ಬಿಳಿ ಹಾಳೆ ಮೇಲೆ ಬರೆದರೆ ನಡೆಯುತ್ತಾ? ರಿಜಿಸ್ಟರ್ ಮಾಡಿಸಲೇಬೇಕಾ? ಪಕ್ಕದ ಹೊಲದ ಮುಸ್ಲಿಂ ಗೆಳೆಯರೂ ತಮ್ಮ ಬಗ್ಗೆ ಕೇಳು ಅಂದಿದ್ದಾರೆ.

ಉತ್ತರ: ನಡೆಯುತ್ತದೆ. ಬಿಳಿ ಹಾಳೆ ಸಾಕು. ಬಾಂಡ್ ಬೇಡ, ವಕೀಲರ ಸಹಿ ಬೇಡ, ನೋಟರಿ ಸೀಲೂ ಬೇಡ. ಮೃತ್ಯುಪತ್ರಕ್ಕೆ ಸ್ಟಾಂಪ್ ಶುಲ್ಕವೇ ಇಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮು ಕೇಳುವುದು ಇಷ್ಟೇ: ಬರೆದವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಅದನ್ನು ಕನಿಷ್ಠ ಇಬ್ಬರು ಕಣ್ಣಾರೆ ನೋಡಿರಬೇಕು, ಇಲ್ಲವೇ ‘ಇದು ನನ್ನದೇ ಸಹಿ’ ಅಂತ ಬರೆದವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಆ ಇಬ್ಬರೂ ಬರೆದವರ ಎದುರೇ ಸಾಕ್ಷಿಯಾಗಿ ಸಹಿ ಹಾಕಬೇಕು. 18 ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರು ಬೇಕಾದರೂ ಬರೆಯಬಹುದು.

ಬಾಂಡ್ ಬರೆಯುವವರನ್ನು ಬೈಯಬೇಡಿ. ಅವರಿಗೆ ಕ್ರಯಪತ್ರ, ಕರಾರುಪತ್ರದ ರೂಢಿ, ಎಲ್ಲಕ್ಕೂ ಅದೇ ಲೆಕ್ಕ ಹಾಕುತ್ತಾರೆ. ಬಾಂಡ್ ಮೇಲೆ ಬರೆದರೆ ಮೃತ್ಯುಪತ್ರವೇನೂ ಕೆಡುವುದಿಲ್ಲ. ಕೆಡುವುದು ಬೇರೆ ಕಡೆ. ದಪ್ಪ ಬಾಂಡ್, ಕೆಂಪು ಸೀಲ್ ಎಲ್ಲ ಇರುತ್ತದೆ, ಸಾಕ್ಷಿ ಮಾತ್ರ ಒಬ್ಬರೇ ಇರುತ್ತಾರೆ. ಅಂಥ ಕಾಗದ ಮೃತ್ಯುಪತ್ರವೇ ಅಲ್ಲ.

ಬರೆಯುವುದಕ್ಕಿಂತ ಮೊದಲು ಒಂದು ಕೆಲಸ ಇದೆ. ನಿಮ್ಮದು ಯಾವುದು, ಮನೆಯವರೆಲ್ಲರದ್ದು ಯಾವುದು ಅಂತ ಬೇರೆ ಮಾಡಿ. ಪಹಣಿಯಲ್ಲಿ ನಿಮ್ಮೊಬ್ಬರದೇ ಹೆಸರಿದೆ ಅಂದ ಮಾತ್ರಕ್ಕೆ ಎಲ್ಲವೂ ನಿಮ್ಮೊಬ್ಬರದೇ ಆಗುವುದಿಲ್ಲ.

4 ಎಕರೆ 20 ಗುಂಟೆ ನೀವೇ ಕೊಂಡದ್ದು. ಅದನ್ನು ಯಾರಿಗೆ ಬೇಕಾದರೂ ಬರೆಯಬಹುದು. 2 ಎಕರೆ ಮಸಾರಿ ಹೊಲದ ಕಥೆ ಬೇರೆ. ಅದು ಅಜ್ಜನ ಆಸ್ತಿ, ಹಿಸ್ಸೆಯಲ್ಲಿ ನಿಮ್ಮ ಪಾಲಿಗೆ ಬಂದಿದೆ. ಅದರಲ್ಲಿ ನಿಮ್ಮ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದಮೇಲೆ ಮಗಳಿಗೂ ಗಂಡುಮಕ್ಕಳಷ್ಟೇ ಹಕ್ಕು, ಮದುವೆಯಾಗಿ ಹೋಗಿದ್ದರೂ ಅಷ್ಟೇ. ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಇದನ್ನು ಖಚಿತ ಮಾಡಿದೆ. ಹಾಗಾಗಿ ಆ ಹೊಲವನ್ನು ಪೂರ್ತಿ ಗಂಡುಮಕ್ಕಳಿಗೆ ಅಂತ ನೀವು ಬರೆದರೂ ಮಗಳ ಪಾಲು ಹೋಗುವುದಿಲ್ಲ. ನೀವು ಬರೆಯಬಹುದಾದದ್ದು ನಿಮ್ಮ ಹಿಸ್ಸೆಯನ್ನು ಮಾತ್ರ. ಇಷ್ಟು ಗುಂಟೆ ಅಂತ ಅಂಕಿ ಹಾಕಲು ಹೋಗಬೇಡಿ. ‘ಈ ಹೊಲದಲ್ಲಿ ಕಾನೂನು ಪ್ರಕಾರ ನನಗೆ ಸೇರುವ ಹಿಸ್ಸೆಯನ್ನು’ ಅಂತ ಬರೆದರೆ ಸಾಕು. ತಪ್ಪು ಅಂಕಿ ಹಾಕಿದರೆ ಅದೇ ಜಗಳಕ್ಕೆ ದಾರಿ.

ಅಪ್ಪನಿಂದ ಬಂದದ್ದೆಲ್ಲ ಪಿತ್ರಾರ್ಜಿತ ಅಂತ ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಅಪ್ಪ ತಾನೇ ದುಡಿದು ಕೊಂಡದ್ದು 1956ರ ನಂತರ ಅವರು ತೀರಿಕೊಂಡು ವಾರಸಿನಲ್ಲಿ ನಿಮಗೆ ಬಂದಿದ್ದರೆ ಅದು ನಿಮ್ಮ ಸ್ವಂತದ್ದೇ. ಈ ಒಂದು ವ್ಯತ್ಯಾಸಕ್ಕಾಗಿ ಹಳೇ ಕಾಗದಗಳನ್ನು ಒಮ್ಮೆ ಹೊರಗೆ ತೆಗೆಯಿರಿ.

ತೆಗೆದಾಗ ಇನ್ನೊಂದು ಗಮನಿಸಿ. ನಿಮ್ಮ ಹಳೇ ಕ್ರಯಪತ್ರದಲ್ಲಿ ‘ಗಂಗಾವತಿ ತಾಲೂಕು, ರಾಯಚೂರು ಜಿಲ್ಲೆ’ ಅಂತ ಇರಬಹುದು. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಯಿತು, ಆಮೇಲೆ ಕಾರಟಗಿಯೇ ತಾಲೂಕಾಯಿತು. ಜಮೀನು ಅಲ್ಲೇ ಇದೆ, ವಿಳಾಸ ಎರಡು ಸಲ ಬದಲಾಗಿದೆ. ಮೃತ್ಯುಪತ್ರದಲ್ಲಿ ಈಗಿನ ತಾಲೂಕು, ಜಿಲ್ಲೆ ಬರೆದು, ಹಳೇ ಕ್ರಯಪತ್ರದ ನಂಬರ್, ವರ್ಷ ಮತ್ತು ಆಗಿನ ತಾಲೂಕು, ಜಿಲ್ಲೆಯನ್ನೂ ಒಂದು ಸಾಲಲ್ಲಿ ಸೇರಿಸಿ. ಮಸ್ಕಿ, ಸಿರವಾರ, ಕುರುಗೋಡು, ಕಂಪ್ಲಿ ಕಡೆಯವರಿಗೂ ಇದೇ ಮಾತು, ಅವೂ ಹೊಸ ತಾಲೂಕುಗಳೇ. ಹೊಸಪೇಟೆ ಕಡೆ ಆಸ್ತಿ ಇದ್ದವರ ಹಳೇ ಕಾಗದ ಬಳ್ಳಾರಿ ಜಿಲ್ಲೆಯದು, ಈಗ ಅದು ವಿಜಯನಗರ ಜಿಲ್ಲೆ.

ಇನ್ನು ನೀವು ಮನಸ್ಸಲ್ಲಿ ಇಟ್ಟುಕೊಂಡಿರುವ ಪಾಲಿನ ಬಗ್ಗೆ. ಕೇಳದೇ ಹೇಳುತ್ತಿದ್ದೇನೆ, ಬೇಜಾರಾಗಬೇಡಿ. ಠೇವಣಿ ಮಗಳಿಗೆ ಅಂದಿರಿ. ಆಸ್ಪತ್ರೆ ಖರ್ಚು ಬಂದರೆ ಮನೆಯಲ್ಲಿ ಮೊದಲು ಮುರಿಯುವುದು ಯಾವುದು? ಆ ಠೇವಣಿಯೇ ಅಲ್ವಾ? ಮೃತ್ಯುಪತ್ರ ಜಾರಿಗೆ ಬರುವುದು ನೀವು ಹೋದ ಮೇಲೆ. ಆ ದಿನ ಆ ವಸ್ತು ಇಲ್ಲದಿದ್ದರೆ ಅದನ್ನು ಬರೆಸಿಕೊಂಡವರಿಗೆ ಏನೂ ಸಿಗುವುದಿಲ್ಲ. ಗದ್ದೆ ಎಲ್ಲೂ ಹೋಗಲ್ಲ, ಠೇವಣಿ ಮಾತ್ರ ಕರಗುತ್ತದೆ. ಹೀಗೆ ಬರೆದ ಎಷ್ಟೋ ಮನೆಗಳಲ್ಲಿ ಮಗಳಿಗೆ ಕೊನೆಗೆ ಉಳಿಯುವುದು ಖಾಲಿ ಪಾಸ್‌ಬುಕ್. ನಿಮಗೆ ನಿಜವಾಗಿಯೂ ಅವಳಿಗೆ ಕೊಡುವ ಮನಸ್ಸಿದ್ದರೆ ಸ್ವಲ್ಪ ಜಮೀನು ಬರೆಯಿರಿ. ಅದಾಗದಿದ್ದರೆ ‘ನನ್ನ ಗಂಡುಮಕ್ಕಳಿಬ್ಬರೂ ತಲಾ ಇಷ್ಟು ರೂಪಾಯಿ ನನ್ನ ಮಗಳಿಗೆ ಕೊಟ್ಟು ಜಮೀನು ಪಡೆಯಬೇಕು’ ಅಂತ ಬರೆಯಿರಿ.

ಮೃತ್ಯುಪತ್ರ ಬರೆಯದೇ ಹೋದರೆ ಏನಾಗುತ್ತೆ ಅನ್ನುವುದೂ ಗೊತ್ತಿರಲಿ. ನಿಮ್ಮ ಸ್ವಂತ ಆಸ್ತಿ ಹೆಂಡತಿ, ಇಬ್ಬರು ಗಂಡುಮಕ್ಕಳು, ಮಗಳು ಹೀಗೆ ನಾಲ್ಕು ಸಮಪಾಲು. ನಿಮ್ಮ ತಾಯಿ ಆಗ ಇದ್ದರೆ ಐದು. ಮಗಳಿಗೆ ಕಾನೂನು ಕೊಡುವುದಕ್ಕಿಂತ ಕಡಿಮೆ ಕೊಡುವುದಾದರೆ ಕಾರಣವನ್ನು ಒಂದೆರಡು ಸಾಲಲ್ಲಿ ಬರೆಯಿರಿ. ಮದುವೆ ಖರ್ಚು, ಆಗಲೇ ಕೊಟ್ಟ ಬಂಗಾರ, ಮನೆ ಕಟ್ಟಲು ಮಾಡಿದ ಸಹಾಯ, ನಿಜವಾಗಿ ಏನಿದೆಯೋ ಅದು. ಕಾರಣ ಹೇಳದೆ ಹತ್ತಿರದ ವಾರಸುದಾರರನ್ನು ಬಿಟ್ಟರೆ ಕೋರ್ಟಿಗೆ ಅನುಮಾನ ಬರುತ್ತದೆ.

ಗದ್ದೆಯನ್ನು ‘ಇಬ್ಬರಿಗೂ ಸಮ’ ಅಂತ ಬರೆದು ಪೆನ್ನು ಕೆಳಗಿಡಬೇಡಿ. 4 ಎಕರೆ 20 ಗುಂಟೆ ಅಂದರೆ ತಲಾ 2 ಎಕರೆ 10 ಗುಂಟೆ, ಲೆಕ್ಕ ಸುಲಭ. ಯಾವ ಕಡೆಯ 2 ಎಕರೆ 10 ಗುಂಟೆ? ಪೂರ್ವದ್ದು ಯಾರಿಗೆ, ಪಶ್ಚಿಮದ್ದು ಯಾರಿಗೆ? ತುಂಗಭದ್ರಾ ಎಡದಂಡೆ ಕಾಲುವೆ ಸೀಮೆಯಲ್ಲಿ ಅಣ್ಣತಮ್ಮಂದಿರು ಹೊಡೆದಾಡುವುದು ಎಕರೆಗಲ್ಲ, ನೀರಿಗೆ ಮತ್ತು ದಾರಿಗೆ. ತೂಬು ಒಬ್ಬನ ಭಾಗದ ಬದಿಗಿದ್ದರೆ ಇನ್ನೊಬ್ಬನ ಭಾಗಕ್ಕೆ ನೀರು ಎಲ್ಲಿಂದ ಹಾಯಬೇಕು? ಭತ್ತ ಕೊಯ್ಯುವ ಯಂತ್ರ, ಟ್ರ್ಯಾಕ್ಟರ್ ಹಿಂದಿನ ಭಾಗಕ್ಕೆ ಯಾವ ದಾರಿಯಿಂದ ಹೋಗಬೇಕು? ಬೋರ್‌ವೆಲ್ ಇದ್ದರೆ ಅದು ಯಾರ ಭಾಗದಲ್ಲಿದೆ, ಇಬ್ಬರೂ ಬಳಸಬೇಕಾ, ರಿಪೇರಿ ಖರ್ಚು ಹೇಗೆ? ಈ ನಾಲ್ಕೈದು ಸಾಲು ಯಾವ ಮಾದರಿ ಪತ್ರದಲ್ಲೂ ಇರುವುದಿಲ್ಲ, ಯಾಕಂದ್ರೆ ಅದನ್ನು ಬರೆದವರು ನಿಮ್ಮ ಗದ್ದೆ ನೋಡಿಲ್ಲ. ನೀವು ನೋಡಿದ್ದೀರಿ. ವಕೀಲರಿಗಿಂತ ನೀವೇ ಚೆನ್ನಾಗಿ ಬರೆಯಬಲ್ಲ ಭಾಗ ಇದು. ದೊಡ್ಡ ಮಗನನ್ನು ಕರೆದುಕೊಂಡು ಒಮ್ಮೆ ಬದುವಿನ ಮೇಲೆ ನಡೆದು ಬನ್ನಿ, ಒಂದು ಕೈನಕ್ಷೆ ಹಾಕಿ. ಒಂದೇ ಸರ್ವೆ ನಂಬರ್ ಎರಡಾಗುವುದರಿಂದ ಮುಂದೆ ಸರ್ವೆ ಮಾಡಿಸಿ ಪೋಡಿ ಮಾಡಿಸಬೇಕಾಗುತ್ತದೆ, ಆಗಲೂ ನಿಮ್ಮ ಸಾಲುಗಳು ಕೆಲಸಕ್ಕೆ ಬರುತ್ತವೆ.

ಮನೆ ಹೆಂಡತಿಗೆ ಅಂದಿರಿ. ಪೂರ್ತಿ ಹಕ್ಕಿನಿಂದಾ, ಅಥವಾ ಬದುಕಿರುವವರೆಗೆ ಇರಲಿ, ಆಮೇಲೆ ಮಕ್ಕಳಿಗೆ ಹೋಗಲಿ ಅಂತಲಾ? ಎರಡೂ ಬೇರೆ. ‘ಅನುಭವಿಸಿಕೊಂಡು ಹೋಗತಕ್ಕದ್ದು’ ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದ ಪತ್ರಗಳು ವರ್ಷಗಟ್ಟಲೆ ಕೋರ್ಟಿನಲ್ಲಿ ಕೂತಿವೆ. ನನ್ನನ್ನು ಕೇಳಿದರೆ ಪೂರ್ತಿ ಹಕ್ಕು ಕೊಡಿ, ‘ಮಾರುವ, ದಾನ ಕೊಡುವ ಹಕ್ಕೂ ಸೇರಿ’ ಅಂತ ಬಿಡಿಸಿ ಬರೆಯಿರಿ. ಅವರ ಕೊನೆಗಾಲಕ್ಕೆ ಕೈಯಲ್ಲಿ ಸ್ವಲ್ಪ ಬಲ ಇರಲಿ. ಮನೆ ಪಂಚಾಯಿತಿ ವ್ಯಾಪ್ತಿಯದಾದರೆ ಇ-ಸ್ವತ್ತಿನ ಆಸ್ತಿ ನಂಬರ್, ಅಳತೆ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ನೋಡಿಕೊಂಡು ಅದರಂತೆಯೇ ಬರೆಯಿರಿ.

ಪತ್ರದ ಭಾಷೆ ನಿಮ್ಮದೇ ಇರಲಿ. ಸುಮಾರು ಹೀಗೆ:

‘ನಾನು, ಇಂಥವರ ಮಗ ಇಂಥವನು, ವಯಸ್ಸು 68, ಒಕ್ಕಲುತನ, ಸಾಕಿನ್ ಇಂಥ ಊರು, ಕಾರಟಗಿ ತಾಲೂಕು, ಕೊಪ್ಪಳ ಜಿಲ್ಲೆ. ಪೂರ್ತಿ ಎಚ್ಚರ, ಬುದ್ಧಿ ಸ್ವಾಧೀನದಲ್ಲಿದ್ದು, ಯಾರ ಒತ್ತಾಯವೂ ಇಲ್ಲದೆ ಈ ಮೃತ್ಯುಪತ್ರ ಬರೆದಿದ್ದೇನೆ. ಇದೇ ನನ್ನ ಕೊನೆಯ ಮೃತ್ಯುಪತ್ರ. ಇದಕ್ಕೆ ಮೊದಲು ಬರೆದದ್ದು ಏನಾದರೂ ಇದ್ದರೆ ಅದನ್ನು ರದ್ದು ಮಾಡಿದ್ದೇನೆ. ನನಗೆ ಇಂಥ ಹೆಂಡತಿ, ಇಂಥಿಂಥ ಮಕ್ಕಳಿದ್ದಾರೆ. ಕೆಳಗೆ ಬರೆದ ಸ್ವತ್ತುಗಳನ್ನು ನಾನು ಬದುಕಿರುವವರೆಗೆ ನಾನೇ ಅನುಭವಿಸುತ್ತೇನೆ. ನನ್ನ ನಂತರ ಹೀಗೆ ಸೇರಬೇಕು.’

ಆಮೇಲೆ ಒಂದೊಂದೇ ಸ್ವತ್ತು: ಸರ್ವೆ ನಂಬರ್, ಹಿಸ್ಸಾ ನಂಬರ್, ವಿಸ್ತೀರ್ಣ, ಚಕ್ಕುಬಂದಿ, ಯಾರಿಗೆ. ಕೊನೆಗೆ ಎರಡು ಸಾಲು ಮರೆಯಬೇಡಿ. ‘ಇಲ್ಲಿ ಹೇಳದೇ ಉಳಿದ ನನ್ನ ಸ್ವತ್ತೆಲ್ಲ ಇಂಥವರಿಗೆ’ ಅನ್ನುವುದು ಒಂದು. ‘ಇವರಲ್ಲಿ ಯಾರಾದರೂ ನನಗಿಂತ ಮೊದಲೇ ತೀರಿಕೊಂಡರೆ ಅವರ ಪಾಲು ಇಂಥವರಿಗೆ’ ಅನ್ನುವುದು ಇನ್ನೊಂದು. ಸೊಸೈಟಿ ಬೆಳೆ ಸಾಲ, ಬ್ಯಾಂಕ್ ಸಾಲ ಇದ್ದರೆ ಯಾವ ಮಗ ತೀರಿಸಬೇಕು ಅಂತಲೂ ಹೇಳಿ. ಸಾಲ ತೀರಿದ ಮೇಲಷ್ಟೇ ಪಾಲು. ಪ್ರತಿ ಪುಟಕ್ಕೂ ಸಹಿ ಹಾಕಿ, ತಾರೀಖು, ಊರು ಬರೆಯಿರಿ. ಹೊಡೆದು ತಿದ್ದಬೇಡಿ. ತಿದ್ದಿದರೆ ಅಲ್ಲಿ ನೀವೂ ಸಾಕ್ಷಿಗಳೂ ಸಹಿ ಹಾಕಬೇಕು, ಅದಕ್ಕಿಂತ ಹೊಸ ಹಾಳೆ ತಗೊಂಡು ಬರೆಯುವುದೇ ಲೇಸು. ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿಸಿದರೂ ತಪ್ಪಿಲ್ಲ. ಓದು ಬರಹ ಬಾರದವರಾದರೆ ‘ಓದಿ ಹೇಳಿದ್ದೇವೆ, ಕೇಳಿ ಒಪ್ಪಿ ಹೆಬ್ಬೆಟ್ಟು ಹಾಕಿದ್ದಾರೆ’ ಅಂತ ಬರೆದು, ಓದಿ ಹೇಳಿದವರ ಸಹಿ ಇರಲಿ.

ಈಗ ಸಾಕ್ಷಿಗಳ ಮಾತು. ಇಡೀ ಪತ್ರದ ಜೀವ ಇರುವುದು ಇಲ್ಲೇ. ಕ್ರಯಪತ್ರದ ಬಗ್ಗೆ ತಕರಾರು ಬಂದರೆ ಬರೆದುಕೊಟ್ಟವರನ್ನು ಕರೆದು ಕೇಳಬಹುದು. ಮೃತ್ಯುಪತ್ರದ ತಕರಾರು ಬರುವ ಹೊತ್ತಿಗೆ ಬರೆದವರೇ ಇರುವುದಿಲ್ಲ. ಅದಕ್ಕೇ ಕಾನೂನು, ಆ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ‘ಹೌದು, ನನ್ನೆದುರೇ ಸಹಿ ಆಯಿತು’ ಅಂತ ಹೇಳಲೇಬೇಕು ಅನ್ನುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ನಿಯಮ ಹಾಗೇ ಇದೆ. ರಿಜಿಸ್ಟರ್ ಆಗಿದ್ದರೂ ಇದರಿಂದ ತಪ್ಪಿಸಿಕೊಳ್ಳಲು ಆಗಲ್ಲ.

ನಮ್ಮ ಕಡೆ ಸಾಕ್ಷಿ ಅಂದ ತಕ್ಷಣ ಊರ ಹಿರಿಯರನ್ನು ಕರೆಯುತ್ತಾರೆ. ಮರ್ಯಾದೆಗೇನೋ ಸರಿ. 68ರ ನಿಮಗೆ 75ರ ಗೌಡರು ಸಾಕ್ಷಿಯಾದರೆ ನಾಳೆ ಕೋರ್ಟಿಗೆ ಬರುವವರು ಯಾರು? ನಿಮಗಿಂತ ಕನಿಷ್ಠ 20 ವರ್ಷ ಚಿಕ್ಕವರನ್ನು ನೋಡಿ. ಊರಲ್ಲೇ ನೆಲೆ ನಿಂತವರು, ನಾಲ್ಕು ಜನರ ಮುಂದೆ ಮಾತಾಡಲು ಹಿಂಜರಿಯದವರು. ಶಾಲೆ ಮೇಷ್ಟ್ರು, ಔಷಧಿ ಅಂಗಡಿಯವರು ಇಂಥವರು ಒಳ್ಳೇದು. ಪತ್ರದಲ್ಲಿ ಏನು ಬರೆದಿದೆ ಅಂತ ಅವರಿಗೆ ಗೊತ್ತಾಗಬೇಕಿಲ್ಲ. ನೀವು ಸಹಿ ಹಾಕಿದ್ದನ್ನು ನೋಡಿದರೆ ಆಯಿತು. ಇಬ್ಬರೂ ಒಟ್ಟಿಗೇ ಇರಬೇಕೆಂದು ಕಾನೂನು ಹೇಳುವುದಿಲ್ಲ, ಆದರೂ ಮೂವರೂ ಒಂದೇ ಕಡೆ ಕೂತು ಮುಗಿಸಿ. ಅವರ ಪೂರ್ತಿ ಹೆಸರು, ತಂದೆ ಹೆಸರು, ವಿಳಾಸ ಬರೆಸಿ.

ಪಾಲು ಪಡೆಯುವ ಮಕ್ಕಳನ್ನಾಗಲಿ, ಸೊಸೆ, ಅಳಿಯನನ್ನಾಗಲಿ ಸಾಕ್ಷಿ ಮಾಡಬೇಡಿ. ಕ್ರೈಸ್ತರಲ್ಲಿ ಸಾಕ್ಷಿಗೆ ಅಥವಾ ಸಾಕ್ಷಿಯ ಗಂಡ, ಹೆಂಡತಿಗೆ ಬರೆದ ಪಾಲೇ ಬಿದ್ದುಹೋಗುತ್ತದೆ. ಹಿಂದೂಗಳಿಗೆ ಆ ಕಲಮು ಅನ್ವಯಿಸುವುದಿಲ್ಲ, ಆದರೆ ಅನುಮಾನ ಬಿಡುವುದಿಲ್ಲ. 1959ರಲ್ಲಿ ಸುಪ್ರೀಂ ಕೋರ್ಟ್ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಹೇಳಿದ್ದನ್ನು ಇಂದಿಗೂ ಎಲ್ಲ ಕೋರ್ಟುಗಳೂ ಹಿಡಿಯುತ್ತವೆ. ಅದು ಮೈಸೂರು ಹೈಕೋರ್ಟಿನಿಂದ ಹೋದ ಕೇಸು. ಜಾಸ್ತಿ ಪಾಲು ಪಡೆಯುವವನೇ ಮುಂದೆ ನಿಂತು ಮೃತ್ಯುಪತ್ರ ಬರೆಸಿದ್ದರೆ, ಆ ಅನುಮಾನವನ್ನು ಅವನೇ ಕಳೆಯಬೇಕು. ಆದ್ದರಿಂದ ಸಹಿ ಹಾಕುವ ದಿನ ದೊಡ್ಡ ಮಗ ಬೈಕ್‌ನಲ್ಲಿ ಬಿಟ್ಟು ಹೋಗಲಿ, ಪಕ್ಕದಲ್ಲಿ ಕೂರುವುದು ಬೇಡ. ಆರೋಗ್ಯ ಸರಿಯಿಲ್ಲದಿದ್ದರೆ ಅದೇ ದಿನದ ವೈದ್ಯರ ಸರ್ಟಿಫಿಕೇಟ್ ಒಂದನ್ನು ಜೊತೆಗೆ ಇಡಿ. ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡರೆ ಆಧಾರಕ್ಕೆ ಆಗುತ್ತದೆ, ಸಾಕ್ಷಿಗಳ ಬದಲಿಗೆ ಆಗುವುದಿಲ್ಲ.

ರಿಜಿಸ್ಟರ್ ಮಾಡಿಸಲೇಬೇಕಾ ಅಂದರೆ, ಬೇಕಿಲ್ಲ. ಮಾಡಿಸಿ ಅಂತ ನನ್ನ ಸಲಹೆ. 1908ರ ನೋಂದಣಿ ಕಾಯ್ದೆಯಲ್ಲಿ ಇದು ಇಷ್ಟ ಇದ್ದವರಿಗೆ ಬಿಟ್ಟ ವಿಷಯ. ಶುಲ್ಕಕ್ಕೆ ಜಮೀನಿನ ಬೆಲೆಯ ಲೆಕ್ಕ ಇಲ್ಲ, ಸಣ್ಣ ಮೊತ್ತ. ಇಬ್ಬರು ಸಾಕ್ಷಿಗಳನ್ನು, ಎಲ್ಲರ ಆಧಾರ್ ಕಾರ್ಡನ್ನು ತಗೊಂಡು ಉಪನೋಂದಣಾಧಿಕಾರಿ ಕಚೇರಿಗೆ ಹೋದರೆ ಆಯಿತು. ಹಾಸಿಗೆ ಹಿಡಿದವರಿಗೆ ಅಧಿಕಾರಿಯೇ ಮನೆಗೆ ಬರುವ ಅವಕಾಶವೂ ಕಾಯ್ದೆಯಲ್ಲಿದೆ. ಪತ್ರ ಕಳೆದುಹೋದರೂ ಕಚೇರಿಯಲ್ಲಿ ನಕಲು ಉಳಿಯುತ್ತದೆ. ನೀವಿರುವವರೆಗೆ ಆ ನಕಲನ್ನು ನಿಮಗೆ ಅಥವಾ ನೀವು ಅಧಿಕಾರ ಕೊಟ್ಟವರಿಗೆ ಬಿಟ್ಟು ಬೇರೆ ಯಾರಿಗೂ ಕೊಡುವುದಿಲ್ಲ, ಮಕ್ಕಳಿಗೂ.

ಮನಸ್ಸು ಬದಲಾದರೆ ಎಷ್ಟು ಸಲ ಬೇಕಾದರೂ ಹೊಸದು ಬರೆಯಬಹುದು. ನಡೆಯುವುದು ಕೊನೆಯದು. ಮೊದಲಿನದು ರಿಜಿಸ್ಟರ್ ಆಗಿದ್ದು, ನಂತರದ್ದು ಬರೀ ಬಿಳಿ ಹಾಳೆಯದಾದರೂ ನಂತರದ್ದೇ. ಆದರೆ ಅಂಥ ಬಿಳಿ ಹಾಳೆಯನ್ನು ಎಲ್ಲರೂ ಅನುಮಾನಿಸುತ್ತಾರೆ. ಮೊದಲಿನದನ್ನು ರಿಜಿಸ್ಟರ್ ಮಾಡಿಸಿದವರು ಬದಲಾವಣೆಯನ್ನೂ ರಿಜಿಸ್ಟರ್ ಮಾಡಿಸಿ. ಮೃತ್ಯುಪತ್ರ ಬರೆದಮೇಲೆ ಜಮೀನು ಮಾರುವಂತಿಲ್ಲ ಅನ್ನುವುದು ಸುಳ್ಳು. ನಿಮ್ಮ ಆಸ್ತಿ ನಿಮ್ಮದೇ.

ಬ್ಯಾಂಕಿನ ನಾಮಿನಿ ಬಗ್ಗೆ ಒಂದೇ ಮಾತು. ನಾಮಿನಿ ಅಂದರೆ ದುಡ್ಡು ಕೈಗೆ ತಗೊಳ್ಳುವವರು, ಅಷ್ಟೇ. ಮಾಲೀಕರಲ್ಲ. ಠೇವಣಿಗೆ ದೊಡ್ಡ ಮಗನ ಹೆಸರು ಹಾಕಿ ಮೃತ್ಯುಪತ್ರದಲ್ಲಿ ಮಗಳಿಗೆ ಬರೆದರೆ ಅವಳು ಅಣ್ಣನ ಹತ್ತಿರ ಕೈಚಾಚಬೇಕಾಗುತ್ತದೆ. ಎರಡೂ ಕಡೆ ಒಂದೇ ಹೆಸರಿರಲಿ.

ನಿಮ್ಮ ಗೆಳೆಯರಿಗೆ ಹೇಳಿ, ಅವರ ನಿಯಮ ಬೇರೆ. ಮುಸ್ಲಿಂ ಕಾನೂನಿನಲ್ಲಿ ಮಣ್ಣಿನ ಖರ್ಚು, ಸಾಲ ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗದವರೆಗೆ ಮಾತ್ರ ವಸಿಯ್ಯತ್, ಅಂದರೆ ಮೃತ್ಯುಪತ್ರ, ಮಾಡಬಹುದು. ಅದೂ ಸುನ್ನಿಗಳಲ್ಲಿ ವಾರಸುದಾರರಾದ ಮಗ, ಮಗಳು, ಹೆಂಡತಿಗೆ ಬರೆದರೆ, ಬರೆದವರು ತೀರಿಕೊಂಡ ಮೇಲೆ ಉಳಿದ ವಾರಸುದಾರರು ಒಪ್ಪಬೇಕು. ಬಾಯಿಮಾತಿನ ವಸಿಯ್ಯತ್ ಕೂಡ ನಡೆಯುತ್ತದೆ, 63ನೇ ಕಲಮು ಅವರಿಗೆ ಅನ್ವಯಿಸುವುದಿಲ್ಲ. ಹಾಗಿದ್ದರೂ ಬರೆದು ಇಬ್ಬರ ಸಾಕ್ಷಿ ಹಾಕಿಸುವುದೇ ಭದ್ರ. ಒಬ್ಬ ಮಗನಿಗೆ ಬದುಕಿದ್ದಾಗಲೇ ಹೆಚ್ಚು ಕೊಡಬೇಕೆಂದಿದ್ದರೆ ಹಿಬಾ (ದಾನ) ಬಗ್ಗೆ ಬಲ್ಲವರನ್ನು ಕೇಳಲಿ.

ವಕೀಲರು ಬೇಡ ಅಂದೆ, ಆದರೆ ಕೆಲವರು ಹೋಗಲೇಬೇಕು. ಜಮೀನು ದರಖಾಸ್ತಿನಲ್ಲಿ ಸರ್ಕಾರದಿಂದ ಮಂಜೂರಾದದ್ದು, ಅಥವಾ ಭೂನ್ಯಾಯ ಮಂಡಳಿಯಿಂದ ಗೇಣಿದಾರರಾಗಿ ಪಡೆದದ್ದಾದರೆ ಅದರ ಷರತ್ತು ಓದಿಸಿ. ಅದನ್ನು ಕುಟುಂಬದ ಹೊರಗಿನವರಿಗೆ ಬರೆದದ್ದು ನಿಲ್ಲದೇ ಹೋಗಬಹುದು. ಎರಡು ಸಂಸಾರ ಇರುವವರು, ಆಸ್ತಿ ಮೇಲೆ ಆಗಲೇ ದಾವೆ ಇರುವವರು, ತಮ್ಮನ್ನು ತಾವು ನೋಡಿಕೊಳ್ಳಲಾಗದ ಮಗ ಅಥವಾ ಮಗಳು ಇರುವವರು ಬಿಳಿ ಹಾಳೆಯ ಧೈರ್ಯ ಮಾಡಬೇಡಿ. ದುಡ್ಡಿನ ಚಿಂತೆ ಇದ್ದರೆ ತಾಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ನೆರವು ಉಚಿತ. ಫೋನ್ 15100.

ಪತ್ರ ಎಲ್ಲಿದೆ ಅಂತ ಒಬ್ಬರಿಗಾದರೂ ಗೊತ್ತಿರಬೇಕು. ಟ್ರಂಕಿನ ತಳದಲ್ಲಿ ಪಟ್ಟೆ ಸೀರೆ ಕೆಳಗೆ ಇಟ್ಟು ಯಾರಿಗೂ ಹೇಳದಿದ್ದರೆ ಬರೆದೂ ಬರೆಯದ ಹಾಗೆ. ಒಳಗಿನ ವಿಷಯ ಹೇಳುವುದು ನಿಮ್ಮಿಷ್ಟ. ನಿಮ್ಮ ನಂತರ ಮಕ್ಕಳು ಮರಣ ಪ್ರಮಾಣಪತ್ರ ಮತ್ತು ಮೃತ್ಯುಪತ್ರ ಇಟ್ಟು ಖಾತೆ ಬದಲಾವಣೆಗೆ ಅರ್ಜಿ ಹಾಕುತ್ತಾರೆ. ನಮ್ಮ ಭಾಗದಲ್ಲಿ ಅದಕ್ಕೆ ಪ್ರೊಬೇಟ್, ಅಂದರೆ ಮೃತ್ಯುಪತ್ರ ಅಸಲಿ ಅಂತ ಕೋರ್ಟ್ ಕೊಡುವ ದೃಢೀಕರಣ, ಕಡ್ಡಾಯವಲ್ಲ. ನೋಟಿಸ್ ಹೊರಡುತ್ತದೆ, ತಕರಾರಿಗೆ ಇಂತಿಷ್ಟು ದಿನ ಅಂತ ಕೊಡುತ್ತಾರೆ. ಯಾರೂ ತಕರಾರು ಮಾಡದಿದ್ದರೆ ಪಹಣಿಯಲ್ಲಿ ಹೆಸರು ಬರುತ್ತದೆ. ಮಾಡಿದರೆ ಮೃತ್ಯುಪತ್ರ ಅಸಲೋ ನಕಲಿಯೋ ಅಂತ ಕಂದಾಯ ಇಲಾಖೆ ತೀರ್ಮಾನಿಸುವುದಿಲ್ಲ, ಸಿವಿಲ್ ಕೋರ್ಟಿಗೇ ಹೋಗಬೇಕು. ಅಲ್ಲಿಗೆ ಬಂದು ಹೇಳಬೇಕಾದವರು ನೀವು ಆರಿಸಿದ ಆ ಇಬ್ಬರು ಸಾಕ್ಷಿಗಳು. ಅವರ ಫೋನ್ ನಂಬರನ್ನೂ ಪತ್ರದ ಜೊತೆಗೇ ಬರೆದಿಡಿ, ನಂಬರ್ ಬದಲಾದರೆ ಅದನ್ನೂ ಬದಲಿಸಿ.